ಮತ್ತೆ ಕೆಲಸಕ್ಕೆ ಸೇರೋದು ಸೋಲಲ್ಲ (ಭಾಗ 4)

ಸ್ಟಾರ್ಟಪ್ ಮುಚ್ಚಿ ಮತ್ತೆ ಕೆಲಸಕ್ಕೆ ಸೇರಿದೆ ಅಂದಾಗ ಕ್ಲಾಸ್ ಗ್ರೂಪಲ್ಲಿ ಒಬ್ಬ "ಮುಗೀತಾ ಬಿಸಿನೆಸ್ಸು?" ಅಂದ. ನಕ್ಕೆ. ರಾತ್ರಿ ನಿದ್ದೆ ಬರ್ಲಿಲ್ಲ.

ಆದ್ರೆ ನೋಡಿ, ನಾರಾಯಣ ಮೂರ್ತಿಯವರು ಮೊದಲು ಶುರು ಮಾಡಿದ್ದು ಇನ್ಫೋಸಿಸ್ ಅಲ್ಲ, ಸಾಫ್ಟ್ರಾನಿಕ್ಸ್. ಅದು ನಡೀಲಿಲ್ಲ. ಆಮೇಲೆ ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ರು. ನಂದನ್ ನಿಲೇಕಣಿ ಅವರಿಗೆ ಜೊತೆಯಾಗಿದ್ದು ಆ ಕೆಲಸದಲ್ಲೇ. 1981ರಲ್ಲಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಂದ ಇನ್ಫೋಸಿಸ್ ಶುರುವಾಯ್ತು.

ನಾವು ಆ ಹತ್ತು ಸಾವಿರದ ಕಥೆ ಎಲ್ಲರಿಗೂ ಹೇಳ್ತೀವಿ. ನಡುವಿನ ಕೆಲಸದ ಕಥೆ ಮಾತ್ರ ಬಿಟ್ಬಿಡ್ತೀವಿ.

ಸಂಬಳದ ಕೆಲಸ ಅಂದ್ರೆ ಬರೀ ದುಡ್ಡಲ್ಲ, ಮುಂದಿನ ಕಂಪನಿಗೆ ಜನ ಸಿಗೋ ಜಾಗ ಕೂಡ. ಮೊದ್ಲು ಅಪ್ಪನ ಹತ್ರ ತಗೊಂಡ ದುಡ್ಡು ವಾಪಸ್ ಕೊಡ್ತೀನಿ. ಆಮೇಲೆ ಇನ್ನೊಂದು ಕೈ ನೋಡೋಣ.

ನಿಮ್ದೂ ಹಿಂಗೇ ಆಗಿದ್ಯಾ? ಕಮೆಂಟಲ್ಲಿ ಹೇಳಿ.

#ಮೊದಲಕೆಲಸ #ಸ್ಟಾರ್ಟಪ್