ಮೊದಲು ಬಟ್ಟೆ, ಆಮೇಲೆ ಯಂತ್ರ

ದೀಪಾವಳಿ ಕಳೆದ ಮೇಲೆ ನಮ್ಮ ತಾಲೂಕು ಕೇಂದ್ರದ ತರುಣನೊಬ್ಬ ಎರಡು ದರಪಟ್ಟಿಗಳನ್ನು ಹಿಡಿದು ಮನೆಗೆ ಬಂದಿದ್ದ. ಬಸ್ ನಿಲ್ದಾಣದ ಬಳಿ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದಿದ್ದಾನೆ. ನಾಮಫಲಕ ಮತ್ತು ಬ್ಯಾನರ್ ಮುದ್ರಿಸುವ ಅಂಗಡಿ ತೆರೆಯಬೇಕೆಂಬುದು ಅವನ ಹಂಬಲ. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ. ತಂದೆ ತೋಟದ ಪತ್ರವನ್ನು ಅಡವಿಡಲು ಒಪ್ಪಿದ್ದಾರೆ. “ಸಾರ್, ಇವೆರಡರಲ್ಲಿ ಯಾವ ಮಿಷನ್ ತಗೊಳ್ಳಲಿ?” ಎಂಬುದು ಅವನ ಪ್ರಶ್ನೆ.

ಒಂದು ಹತ್ತು ಅಡಿ ಅಗಲದ ಫ್ಲೆಕ್ಸ್ ಯಂತ್ರ, ಇನ್ನೊಂದು ಐದು ಅಡಿಯದು. ಫ್ಲೆಕ್ಸ್ ಯಂತ್ರವನ್ನು ಮಾತ್ರ ಕೊಳ್ಳಬೇಡ ಎಂದು ನಾನು ತಕ್ಷಣ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋದ ಸಲ ನಿಮ್ಮ ನದಿ ಪಾದಯಾತ್ರೆಯ ಬ್ಯಾನರ್ ಯಾವುದರದ್ದು ಸಾರ್?” ಎಂದ. ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ಅದು ಫ್ಲೆಕ್ಸ್. ಹೊಳೆಯನ್ನು ಉಳಿಸಿರೆಂದು ಸಾರಿದ ಆ ಹಾಳೆ ಈಗ ನಮ್ಮ ಸದಸ್ಯರೊಬ್ಬರ ಕೊಟ್ಟಿಗೆಯ ಮಾಡಿನ ಮೇಲಿದೆ.

ಈ ಸಂಚಿಕೆಯ ಸಂಪಾದಕೀಯವನ್ನು ಒಂದು ಮುದ್ರಣ ಯಂತ್ರದ ಆಯ್ಕೆಗೆ ಮೀಸಲಿಟ್ಟಿರುವುದು ಈ ಕಾರಣಕ್ಕೆ. ಒಬ್ಬ ತರುಣ ಕೊಳ್ಳುವ ಯಂತ್ರವು ಮುಂದಿನ ಹಲವು ವರ್ಷ ನಮ್ಮ ಊರುಗಳ ಕಂಬ, ಬೇಲಿ, ತೋಟ, ಹಳ್ಳಗಳಿಗೆ ಏನು ಬಂದು ಬೀಳಬೇಕೆಂಬುದನ್ನು ನಿರ್ಧರಿಸುತ್ತದೆ. ಅದು ಅವನೊಬ್ಬನ ವ್ಯವಹಾರವಲ್ಲ. ಹಾಗೆಂದು ಅದರ ಹೊರೆಯನ್ನು ಅವನೊಬ್ಬನ ತಲೆಗೆ ಕಟ್ಟುವುದೂ ನ್ಯಾಯವಲ್ಲ.

1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯಲ್ಲಿ ಅಪ್ಪಿಕೊ ಚಳವಳಿ ಹುಟ್ಟಿದಾಗ ಈ ನಾಡಿನಲ್ಲಿ ಫ್ಲೆಕ್ಸ್ ಎಂಬುದೇ ಇರಲಿಲ್ಲ. ಬಟ್ಟೆಯ ಮೇಲೆ, ತಗಡಿನ ಮೇಲೆ, ಗೋಡೆಯ ಮೇಲೆ ಕುಂಚದಿಂದ ಬರೆಯುವವರು ಪ್ರತಿ ಪೇಟೆಯಲ್ಲಿಯೂ ಇದ್ದರು. ಅನಂತರ ಬಂದ ಫ್ಲೆಕ್ಸ್ ಅಗ್ಗವಾಗಿತ್ತು, ಬೇಗ ಸಿಗುತ್ತಿತ್ತು, ಭಾವಚಿತ್ರವನ್ನೂ ಮುದ್ರಿಸುತ್ತಿತ್ತು. ಬೋರ್ಡು ಬರೆಯುವವರ ಕುಂಚಗಳು ಒಣಗಿದವು.

ಫ್ಲೆಕ್ಸ್ ಎಂದರೇನು? ನಡುವೆ ಪಾಲಿಯೆಸ್ಟರ್ ನೂಲಿನ ಬಲೆ, ಅದರ ಎರಡೂ ಬದಿಗೆ ಪಿವಿಸಿಯ ಪದರ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು ಶೇ. 57ರಷ್ಟು, ಕ್ಲೋರಿನ್. ಅದನ್ನು ಮೆದುವಾಗಿಸಲು ಥ್ಯಾಲೇಟ್ ಮೊದಲಾದ ರಾಸಾಯನಿಕಗಳನ್ನೂ, ಬೆಲೆ ಇಳಿಸಲು ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸುತ್ತಾರೆ. ನೂಲು ಮತ್ತು ಪದರ ಬೆಸೆದುಕೊಂಡಿರುವುದರಿಂದ ಅದನ್ನು ಮರುಬಳಕೆಗೆ ಬಿಡಿಸುವುದು ಬಹಳ ಕಷ್ಟ, ಗುಜರಿಯವನೂ ಮುಟ್ಟುವುದಿಲ್ಲ. ಚದರ ಮೀಟರಿಗೆ 300 ಗ್ರಾಂ ತೂಗುವ ಹಾಳೆಯಲ್ಲಿ 10 ಅಡಿ ಉದ್ದ, 8 ಅಡಿ ಅಗಲದ ಒಂದು ಬ್ಯಾನರ್ ಎರಡು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಜಾತ್ರೆ, ಮದುವೆ, ಚುನಾವಣೆ, ಜನ್ಮದಿನ ಎಲ್ಲ ಸೇರಿ ಅಂತಹ ಒಂದು ಸಾವಿರ ಬ್ಯಾನರ್‌ಗಳಾದರೆ ಎರಡು ಟನ್ನು ಮೀರಿತು.

ಮಲೆನಾಡಿನ ಮನೆಗಳಲ್ಲಿ ಯಾವ ವಸ್ತುವನ್ನೂ ಸುಲಭವಾಗಿ ಎಸೆಯುವುದಿಲ್ಲ. ಹಳೆಯ ಫ್ಲೆಕ್ಸ್ ಕಟ್ಟಿಗೆಯ ರಾಶಿಗೆ ಹೊದಿಕೆಯಾಗುತ್ತದೆ, ಅಡಕೆ ಒಣಗಿಸುವ ಹಾಸಾಗುತ್ತದೆ. ಈ ಮಿತವ್ಯಯವನ್ನು ನಾನು ಹಳಿಯಲಾರೆ. ಆದರೆ ಎರಡು ಮೂರು ಬೇಸಿಗೆಯ ಬಿಸಿಲು ಕಂಡ ಹಾಳೆಯನ್ನು ಉಜ್ಜಿ ನೋಡಿ: ಬೆರಳಿಗೆ ಬಿಳಿಯ ಪುಡಿ ಅಂಟುತ್ತದೆ, ಪದರ ಸಿಪ್ಪೆಯೇಳುತ್ತದೆ, ಕೊನೆಗೆ ನೂಲಿನ ಬಲೆ ಮಾತ್ರ ಉಳಿಯುತ್ತದೆ. ಆ ಪುಡಿ, ಆ ಸಿಪ್ಪೆ ಗೊಬ್ಬರದ ಗುಂಡಿಗೆ, ಅಲ್ಲಿಂದ ತೋಟದ ಮಣ್ಣಿಗೆ ಸೇರುತ್ತದೆ. ದರಗು ಒಂದೆರಡು ವರ್ಷದಲ್ಲಿ ಮಣ್ಣಾಗುತ್ತದೆ, ಇದು ಆಗುವುದಿಲ್ಲ. ಉಳಿದದ್ದು ಬಚ್ಚಲೊಲೆಗೆ ಹೋದರೆ ಇನ್ನೂ ಕೆಡುಕು. ಪಿವಿಸಿ ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಹೊರಡುತ್ತದೆ, ಡಯಾಕ್ಸಿನ್ ಎಂಬ ಘೋರ ವಿಷಗಳೂ ಹುಟ್ಟುತ್ತವೆ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಕುಳಿತ ನಮ್ಮ ತಾಯಂದಿರು.

ಇನ್ನು ಕಾನೂನಿನ ಮಾತು. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳೊಂದಿಗೆ ಪ್ಲಾಸ್ಟಿಕ್ ಬ್ಯಾನರ್, ತೋರಣ, ಫ್ಲೆಕ್ಸ್‌ಗಳನ್ನೂ ದಪ್ಪದ ಲೆಕ್ಕವಿಲ್ಲದೆ ನಿಷೇಧಿಸಿದೆ. ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದ್ದು 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳನ್ನು. “ನಮ್ಮದು ನೂರು ಮೈಕ್ರಾನಿಗಿಂತ ದಪ್ಪ, ಅಡ್ಡಿಯಿಲ್ಲ” ಎಂದು ಕೆಲವು ಮಾರಾಟಗಾರರು ಹೇಳುವುದು ಈ ಎರಡನೆಯ ನಿಯಮವನ್ನು ಮಾತ್ರ ಹಿಡಿದುಕೊಂಡು. ನಮ್ಮ ರಾಜ್ಯದಲ್ಲಿ ಆ ಮಾತು ನಿಲ್ಲುವುದಿಲ್ಲ. ನಿಷೇಧವಿದ್ದರೂ ಫ್ಲೆಕ್ಸ್ ಎಲ್ಲೆಡೆ ತೂಗುತ್ತಿದೆಯಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅಧಿಕಾರಿ ಕಣ್ಣು ಮುಚ್ಚಿಕೊಂಡಿರುವ ತನಕ ಮಾತ್ರ ನಡೆಯುವ ವ್ಯಾಪಾರಕ್ಕೆ ತೋಟದ ಪತ್ರವನ್ನು ಅಡವಿಡುವುದು ಜಾಣತನವಲ್ಲ.

ಹಾಗಾದರೆ ಆಯ್ಕೆ ಹೇಗೆ? ರೈತನು ಮಣ್ಣು ನೋಡಿ ತಳಿ ಆರಿಸುತ್ತಾನೆ; ತಳಿ ತಂದಿಟ್ಟುಕೊಂಡು ಮಣ್ಣು ಹುಡುಕುವುದಿಲ್ಲ. ಇಲ್ಲಿಯೂ ಮೊದಲು ಯಾವುದರ ಮೇಲೆ ಮುದ್ರಿಸಬೇಕೆಂಬುದು ತೀರ್ಮಾನವಾಗಬೇಕು. ಅದಕ್ಕೆ ತಕ್ಕ ಶಾಯಿ, ಶಾಯಿಗೆ ತಕ್ಕ ಯಂತ್ರ, ಯಂತ್ರಕ್ಕೆ ತಕ್ಕ ತಂತ್ರಾಂಶ. ಮಾರಾಟಗಾರರು ಈ ಸರಣಿಯನ್ನು ತಲೆಕೆಳಗು ಮಾಡಿ ಯಂತ್ರದಿಂದಲೇ ಆರಂಭಿಸುತ್ತಾರೆ. ಆದುದರಿಂದಲೇ ಹಳ್ಳಿಯ ಹುಡುಗರು ಮೋಸಹೋಗುತ್ತಾರೆ.

ಶಾಯಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಹತ್ತು ಅಡಿ ಯಂತ್ರಗಳಲ್ಲಿ ಬಳಸುವ ಸಾಲ್ವೆಂಟ್ ಶಾಯಿ ಪಿವಿಸಿಯ ಮೈಯನ್ನು ತುಸು ಕರಗಿಸಿ ಒಳಗೆ ಕಚ್ಚಿಕೊಳ್ಳುತ್ತದೆ. ಅದು ಫ್ಲೆಕ್ಸಿಗಾಗಿಯೇ ಹುಟ್ಟಿದ್ದು. ಸಾದಾ ಹತ್ತಿ ಬಟ್ಟೆಯ ಮೇಲೆ ಹರಡಿಕೊಳ್ಳುತ್ತದೆ. ಅದರ ಆವಿ ಕಣ್ಣು, ಗಂಟಲು ಉರಿಸುತ್ತದೆ, ತಲೆನೋವು ತರುತ್ತದೆ. ಇಕೋ ಸಾಲ್ವೆಂಟ್ ಇದಕ್ಕಿಂತ ಸೌಮ್ಯ, ಲೇಪನವಿರುವ ಬಟ್ಟೆಯ ಮೇಲೆ ಚೆನ್ನಾಗಿ ಮೂಡುತ್ತದೆ. ಆದರೆ ಹೆಸರಿನಲ್ಲಿ ಪರಿಸರವಿದ್ದ ಮಾತ್ರಕ್ಕೆ ಅದು ನೀರಾಗುವುದಿಲ್ಲ. ಕಿಟಕಿ, ಫ್ಯಾನು ಬೇಕೇ ಬೇಕು. ಮೂರನೆಯದು 2008ರಲ್ಲಿ ಎಚ್‌ಪಿ ಸಂಸ್ಥೆ ಮಾರುಕಟ್ಟೆಗೆ ತಂದ ಲೇಟೆಕ್ಸ್ ಶಾಯಿ. ಇದಕ್ಕೂ ನಮ್ಮ ರಬ್ಬರ್ ಮರದ ಹಾಲಿಗೂ ಸಂಬಂಧವಿಲ್ಲ. ನೀರಿನಲ್ಲಿ ತೇಲುವ ಕೃತಕ ಪಾಲಿಮರ್ ಕಣಗಳನ್ನು ಕಾಯಿಸಿ ಬಟ್ಟೆ ಅಥವಾ ಕಾಗದದ ಮೇಲೆ ಹಿಡಿಸುವ ವಿಧಾನವದು. ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಹಲವು ಬಗೆಯ ಬಟ್ಟೆಗೆ ಒಗ್ಗುತ್ತದೆ. ಆದರೆ ಕಾಯಿಸಲು ಕರೆಂಟು ಹೆಚ್ಚು ಬೇಕು. ನಾಲ್ಕನೆಯದು ಅತಿನೇರಳೆ ಬೆಳಕಿನಿಂದ ಗಟ್ಟಿಯಾಗುವ ಯುವಿ ಶಾಯಿ. ಮರದ ಹಲಗೆ, ತಗಡುಗಳಿಗೆ ಅದು ಯೋಗ್ಯ. ಆದರೆ ಒಣಗದ ಶಾಯಿ ಚರ್ಮಕ್ಕೆ ತಾಗಿದರೆ ಅಲರ್ಜಿಯಾಗಬಹುದು, ಕೈಗವಸು ಬೇಕು.

ಯಂತ್ರದ ವಿಷಯದಲ್ಲಿ ಬಯಲುಸೀಮೆಯ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾತ್ರೆಯಿಲ್ಲ, ಮದುವೆ ಅಪರೂಪ. ಸಾಲ್ವೆಂಟ್ ಯಂತ್ರದ ಮುದ್ರಣ ತಲೆಗಳು ನಿತ್ಯ ಶಾಯಿ ಹರಿಯದಿದ್ದರೆ ಕಟ್ಟಿಕೊಳ್ಳುತ್ತವೆ. ಅವು ದುಬಾರಿ, ಸರಿಪಡಿಸುವವರು ದೂರದ ನಗರದಿಂದ ಬರಬೇಕು. ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇವು: ತಲೆಯನ್ನು ನಾನೇ ಬದಲಿಸಬಹುದೇ, ಅದರ ಬೆಲೆಯೆಷ್ಟು? ನಾಲ್ಕು ತಿಂಗಳು ಕೆಲಸ ಕಡಿಮೆಯಾದರೆ ಏನು ಮಾಡಬೇಕು? ತೊಳೆದ ಶಾಯಿಯನ್ನು ಎಲ್ಲಿಗೆ ಒಪ್ಪಿಸಬೇಕು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದು ಚರಂಡಿಯ ಮೂಲಕ ತುಂಗೆಗೋ ಶರಾವತಿಗೋ ಹೋಗುತ್ತದೆಂದೇ ಅರ್ಥ. ಯಂತ್ರದೊಡನೆ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್‌ನ ಖರ್ಚನ್ನೂ ಸೇರಿಸಿಕೊಳ್ಳಬೇಕು. ಮುದ್ರಣದ ನಡುವೆ ಕರೆಂಟು ಹೋದರೆ ಬಟ್ಟೆ ಹಾಳು. ಬಟ್ಟೆಯ ಸುರುಳಿಗಳನ್ನು ಮಳೆಗಾಲದ ತೇವ ತಟ್ಟದಂತೆ ಅಟ್ಟದ ಮೇಲೆ ಮುಚ್ಚಿಡಬೇಕು. ಇನ್ನು ಅಗಲ. ದೊಡ್ಡ ಬ್ಯಾನರ್ ಬೇಕಾದರೆ ಐದು ಅಡಿಯ ಎರಡು ತುಂಡುಗಳನ್ನು ಹೊಲಿಯಬಹುದು. ಊರಿನ ದರ್ಜಿಗೂ ನಾಲ್ಕು ಕಾಸು ಸಿಗುತ್ತದೆ.

ತಂತ್ರಾಂಶದಲ್ಲಿ ಎರಡು ಹಂತವಿದೆ: ವಿನ್ಯಾಸ ಮಾಡುವುದು ಒಂದು, ವಿನ್ಯಾಸವನ್ನು ಶಾಯಿಯ ಚುಕ್ಕೆಗಳಾಗಿ ಒಡೆಯುವ ‘ರಿಪ್’ ಇನ್ನೊಂದು. ವಿನ್ಯಾಸಕ್ಕೆ ಕದ್ದ ಪ್ರತಿಯ ಕೋರೆಲ್‌ಡ್ರಾ ಹಾಕಿಕೊಡುತ್ತೇವೆಂದು ಹೇಳುವವರಿದ್ದಾರೆ. ಅದರ ಅಗತ್ಯವಿಲ್ಲ. ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಯುನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮೊದಲಾದ ಅಕ್ಷರಗಳೂ ಉಚಿತ. ಇಂದು ಗಿರಾಕಿ ಮೊಬೈಲಿನಿಂದ ಕಳಿಸುವ ಒಕ್ಕಣೆ ಯುನಿಕೋಡ್‌ನಲ್ಲಿರುತ್ತದೆ. ಅದನ್ನು ಹಳೆಯ ನುಡಿ ಅಕ್ಷರಶೈಲಿಗೆ ಹಾಗೆಯೇ ಅಂಟಿಸಿದರೆ ಒತ್ತು ಒಂದೆಡೆ, ದೀರ್ಘ ಒಂದೆಡೆ ಆಗುತ್ತದೆ, ಪರಿವರ್ತಕ ಬಳಸಬೇಕು. ಕೊನೆಗೆ ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿಯೇ ರಿಪ್‌ಗೆ ಕಳಿಸಬೇಕು. ರಿಪ್ ತಂತ್ರಾಂಶವು ಕೆಲವು ಯಂತ್ರಗಳೊಡನೆಯೇ ಬರುತ್ತದೆ. ಒನಿಕ್ಸ್, ಕ್ಯಾಲ್ಡೆರಾ ಮೊದಲಾದವುಗಳನ್ನು ಬೇರೆಯಾಗಿ ಕೊಳ್ಳಬೇಕು. ಅದರಲ್ಲಿ ಹತ್ತಿ ಬಟ್ಟೆಗೆ ಬಣ್ಣದ ಪ್ರೊಫೈಲ್ ಇದೆಯೇ, ಶಾಯಿಯ ಪ್ರಮಾಣ ಇಳಿಸಲು ಬರುತ್ತದೆಯೇ, ಹಲವು ಕೆಲಸಗಳನ್ನು ಒತ್ತೊತ್ತಾಗಿ ಜೋಡಿಸಿ ಬಟ್ಟೆ ಉಳಿಸುತ್ತದೆಯೇ, ಹೊಲಿಗೆಗೆ ಅಂಚು ಬಿಟ್ಟು ತುಂಡರಿಸುತ್ತದೆಯೇ ಎಂಬ ನಾಲ್ಕನ್ನು ನಿಮ್ಮ ಕಣ್ಣೆದುರೇ ಮಾಡಿಸಿ ನೋಡಿ.

ಮಾರಾಟಗಾರರು 1440 ಚುಕ್ಕೆಗಳ ಸೂಕ್ಷ್ಮತೆಯ ಬಗ್ಗೆ ಬಹಳ ಹೇಳುತ್ತಾರೆ. ಆರೋಗ್ಯವಂತ ಕಣ್ಣು ಹತ್ತು ಮೀಟರ್ ದೂರದಿಂದ ಸುಮಾರು ಮೂರು ಮಿಲಿಮೀಟರಿಗಿಂತ ಚಿಕ್ಕ ವಿವರವನ್ನು ಬೇರ್ಪಡಿಸಿ ಕಾಣಲಾರದು. ರಸ್ತೆ ಬದಿಯ ಬ್ಯಾನರಿಗೆ ಆ ಸೂಕ್ಷ್ಮತೆಯೆಲ್ಲ ವೃಥಾ ಶಾಯಿ, ವೃಥಾ ಸಮಯ. ಅದರ ಬದಲು ಅಕ್ಷರ ದೊಡ್ಡದಿರಲಿ, ಮಾತು ಕಡಿಮೆಯಿರಲಿ. ನಮ್ಮ ಒತ್ತಕ್ಷರಗಳಿಗೆ ರೋಮನ್ ಅಕ್ಷರಗಳಿಗಿಂತ ಹೆಚ್ಚು ಜಾಗ ಬೇಕು.

ಬಟ್ಟೆಯ ಹೆಸರಿನಲ್ಲಿಯೂ ಮೋಸವಿದೆ. ಪಿವಿಸಿ ಲೇಪಿಸಿದ್ದನ್ನೇ ಬಟ್ಟೆಯೆಂದು ಮಾರುವುದುಂಟು. ವಿದ್ಯಾರ್ಥಿಗಳು ಇದನ್ನು ಶಾಲೆಯ ಪ್ರಯೋಗಾಲಯದಲ್ಲಿ, ಅಧ್ಯಾಪಕರ ಎದುರಿನಲ್ಲಿ, ಕಿಟಕಿ ತೆರೆದಿಟ್ಟು ಪರೀಕ್ಷಿಸಬಹುದು. ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಮಾದರಿಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಬೇಕು. ಹಸಿರು ಜ್ವಾಲೆ ಕಂಡರೆ ಕ್ಲೋರಿನ್‌ನಂತಹ ಧಾತು ಇದೆಯೆಂದು ತಿಳಿಯಬೇಕು. ಬೈಲ್‌ಸ್ಟೈನ್ ಪರೀಕ್ಷೆಯೆಂದರೆ ಇದೇ. ಸಾಸಿವೆ ಕಾಳಿನಷ್ಟು ಮಾದರಿ ಸಾಕು.

ಆ ತರುಣನಿಗೆ ನಾನು ಹೇಳಿದ್ದಿಷ್ಟು: ಹತ್ತು ಅಡಿಯದನ್ನು ಬಿಡು. ಮೊದಲ ವರ್ಷ ದೊಡ್ಡ ಸಾಲವನ್ನೂ ಮಾಡಬೇಡ. ಅಕ್ಷರ ಕತ್ತರಿಸುವ ಚಿಕ್ಕ ಪ್ಲಾಟರ್ ಒಂದನ್ನು ತಂದು, ದಪ್ಪ ಕಾಗದದ ಅಚ್ಚು ಕತ್ತರಿಸಿ, ಊರಿನಲ್ಲಿ ಉಳಿದಿರುವ ಕುಂಚದ ಕೈಗಳನ್ನು ಜೊತೆಗೆ ಸೇರಿಸಿಕೋ. ತಗಡಿನ ಬೋರ್ಡಿಗೆ ಸೀಸದ ಪ್ರಮಾಣ 90 ಪಿಪಿಎಂ ಮೀರದ ಬಣ್ಣವನ್ನೇ ಕೇಳಿ ತಾ. 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣಗಳಿಗೆ ಅದೇ ಮಿತಿ. ಭಾವಚಿತ್ರ ಬೇಕೆನ್ನುವವರ ಕೆಲಸವನ್ನು ನಗರದಲ್ಲಿ ಬಟ್ಟೆಯ ಮೇಲೆ ಮುದ್ರಿಸಿ ತಾ. ತಿಂಗಳಿಗೆ ಎಷ್ಟು ಚದರ ಅಡಿ ಎಂದು ಲೆಕ್ಕ ಬರೆದಿಡು. ಬಟ್ಟೆ, ಶಾಯಿ, ಕರೆಂಟು, ಹಾಳಾದದ್ದು, ತಲೆಯ ಸವೆತ, ಬ್ಯಾಂಕಿನ ಕಂತು ಇವನ್ನೆಲ್ಲ ಆ ಲೆಕ್ಕ ಹೊರುತ್ತದೆಂದು ಕಂಡ ದಿನ ಯಂತ್ರ ಕೊಳ್ಳುವೆಯಂತೆ.

ಅವನು ಒಂದೇ ಮಾತು ಕೇಳಿದ: “ಬಟ್ಟೆಗೆ ರೇಟು ಜಾಸ್ತಿ ಸಾರ್. ಗಿರಾಕಿ ಯಾರು?”

ಉತ್ತರ ಹೇಳಬೇಕಾದವರು ನಾವು, ನೀವು. ನಮ್ಮ ಬಳಗ ಇನ್ನು ಮುಂದೆ ಒಂದು ಅಂಗುಲ ಫ್ಲೆಕ್ಸನ್ನೂ ಮಾಡಿಸುವುದಿಲ್ಲ. ಬ್ಯಾನರಿನಲ್ಲಿ ತಾರೀಖನ್ನು ಬರೆಸದೆ, ಬೇರೆ ತುಂಡಿನ ಮೇಲೆ ಬರೆದು ಹೊಲಿಸುತ್ತೇವೆ. ಒಂದೇ ಬಟ್ಟೆ ಐದು ಸಲ ಬಂದರೆ ಫ್ಲೆಕ್ಸಿಗಿಂತ ಅಗ್ಗವೇ ಆಗಬಹುದು. ಯುವಕ ಮಂಡಲ, ಸಹಕಾರ ಸಂಘ, ಶಾಲೆ, ದೇವಸ್ಥಾನ ಸಮಿತಿ, ಸ್ತ್ರೀಶಕ್ತಿ ಗುಂಪುಗಳು ಹೀಗೆಯೇ ಬರೆದು ಕೊಡಬೇಕೆಂದು ವಿನಂತಿಸುತ್ತೇವೆ: ವರ್ಷಕ್ಕೆ ಇಷ್ಟು ಬಟ್ಟೆ ಬ್ಯಾನರ್ ನಿನ್ನಲ್ಲಿಯೇ ಮಾಡಿಸುತ್ತೇವೆ ಎಂದು. ಬಾಯಿಮಾತು ಸಾಲದು, ಬ್ಯಾಂಕು ನೋಡುವುದು ಕಾಗದವನ್ನು.

ತರುಣ ಯುಗಾದಿಯವರೆಗೆ ಸಮಯ ಕೇಳಿದ್ದಾನೆ. ಆ ಎರಡು ದರಪಟ್ಟಿಗಳು ಇನ್ನೂ ಅವನ ಜೇಬಿನಲ್ಲಿಯೇ ಇವೆ. ತಂದೆ ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ನಮ್ಮ ಊರುಗಳ ಪಟ್ಟಿಯೂ ಅವನ ಕೈ ಸೇರಬೇಕು. ಬಳಗದ ಹೆಸರನ್ನು ಮೊದಲನೆಯದಾಗಿ ಬರೆದಿದ್ದೇವೆ.