ಮಳೆಯ ಹೆಸರಿನಲ್ಲಿ ರದ್ದು: ಪುರಾವೆ ಯಾರ ಹೊಣೆ?

ಪ್ರತಿಕೂಲ ಹವಾಮಾನದಿಂದ ವಿಮಾನ ರದ್ದಾದಾಗ ಪ್ರಯಾಣಿಕರಿಗೆ ನಗದು ಪರಿಹಾರ ಕೊಡಬೇಕಾಗಿಲ್ಲ ಎಂಬ ನಿಯಮದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ರದ್ದತಿಗೆ ಹವಾಮಾನವೇ ಕಾರಣವೆಂದು ಹೇಳಿದ ಸಂಸ್ಥೆ ಅದನ್ನು ಪ್ರಯಾಣಿಕರಿಗೆ ತೋರಿಸಿಕೊಡಬೇಕಾಗಿಲ್ಲ ಎಂಬ ರೂಢಿಯೊಂದು ಆ ನಿಯಮದ ಬೆನ್ನಿಗೇ ಬೆಳೆದುಬಂದಿದ್ದು, ಈಚೆಗಷ್ಟೇ ವಿಮಾನ ಕಂಡ ಸಣ್ಣ ಊರುಗಳಿಗೆ ಅದರ ಪೆಟ್ಟು ಹೆಚ್ಚು. ಸೊಲ್ಲಾಪುರ ಅಂಥದೊಂದು ಊರು. ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿ ವಿಮಾನಗಳ ಹಾದಿಗೆ ಅಡ್ಡಿಯೆಂದು ವರ್ಷಗಟ್ಟಲೆ ಜಗಳ, ವ್ಯಾಜ್ಯ ನಡೆದು, 2023ರ ಜೂನ್ 15ರಂದು ಅದನ್ನು ಕೆಡವಲಾಯಿತು. 2024ರ ಸೆಪ್ಟೆಂಬರ್ 29ರಂದು ನಿಲ್ದಾಣದ ಉದ್ಘಾಟನೆಯಾಗಿ, 2025ರ ಜೂನ್ 9ರಂದು ಗೋವಾಕ್ಕೆ, ಅಕ್ಟೋಬರ್‌ನಲ್ಲಿ ಮುಂಬೈಗೆ ವಿಮಾನ ಹಾರಿತು. ವಿಮಾನ ಬರಬೇಕೆಂದು ಇಷ್ಟೆಲ್ಲ ಹೋರಾಡಿದ ಊರಿನಲ್ಲಿ, ಬರಬೇಕಾದ ವಿಮಾನ ಬಾರದಿದ್ದರೆ ನಾಗಣಸೂರ, ದುಧನಿ, ಅಕ್ಕಲಕೋಟಗಳಿಂದ ಹೊರಟು ಬಂದವರ ಗತಿಯೇನು ಎಂಬುದರ ಬಗ್ಗೆ ಅದರ ಕಾಲುಭಾಗದಷ್ಟು ಚರ್ಚೆಯೂ ನಡೆದಿಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ದೇಶದ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎ, 2010ರಲ್ಲಿ ಹೊರಡಿಸಿ ಅನಂತರ ತಿದ್ದುತ್ತ ಬಂದಿರುವ ನಿಯಮಗಳ ಪ್ರಕಾರ, ಸಾಕಷ್ಟು ಮುಂಚೆ ತಿಳಿಸದೆ ವಿಮಾನ ರದ್ದುಪಡಿಸಿದ ಸಂಸ್ಥೆಯು ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗಿನದಕ್ಕೆ 7,500, ಅದಕ್ಕೂ ದೀರ್ಘವಾದುದಕ್ಕೆ 10,000 ರೂಪಾಯಿ, ಇಲ್ಲವೇ ಇಂಧನ ಶುಲ್ಕ ಸೇರಿದ ಮೂಲ ದರ, ಇವೆರಡರಲ್ಲಿ ಕಡಿಮೆಯಾದುದನ್ನು ಪರಿಹಾರವಾಗಿ ಕೊಡಬೇಕು. ಪ್ರವಾಹ, ಗಲಭೆ, ಮುಷ್ಕರ, ಹವಾಮಾನ ಮೊದಲಾದ ‘ಅಸಾಧಾರಣ ಸನ್ನಿವೇಶ’ಗಳಲ್ಲಿ, ಎಂದರೆ ಸಾಧ್ಯವಿದ್ದ ಕ್ರಮಗಳನ್ನೆಲ್ಲ ಕೈಗೊಂಡರೂ ತಪ್ಪಿಸಲಾಗದ ಸಂದರ್ಭಗಳಲ್ಲಿ, ಈ ಪರಿಹಾರದಿಂದ ಸಂಸ್ಥೆಗೆ ವಿನಾಯಿತಿ ಇದೆ. ಟಿಕೆಟ್ ಹಣ ವಾಪಸ್ ಅಥವಾ ಬದಲಿ ವಿಮಾನ ಎಂಬ ಆಯ್ಕೆ ಮಾತ್ರ ಆಗಲೂ ಪ್ರಯಾಣಿಕರ ಹಕ್ಕಾಗಿಯೇ ಉಳಿಯುತ್ತದೆ. ಟಿಕೆಟನ್ನು ಅಕ್ಕಲಕೋಟದ ಯಾವುದೋ ಏಜೆಂಟರ ಅಂಗಡಿಯಲ್ಲಿ ತೆಗೆಸಿದ್ದರೂ ಮರುಪಾವತಿಯ ಹೊಣೆ ವಿಮಾನ ಸಂಸ್ಥೆಯದೇ.

ಈ ವಿನಾಯಿತಿಯನ್ನೇ ಕಿತ್ತುಹಾಕಬೇಕೆಂದು ವಾದಿಸುವವರಿದ್ದಾರೆ. ಅದು ಅಪಾಯದ ಹಾದಿ. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಸುರಿಯುವ ಮಳೆಯ ನಡುವೆ ಇಳಿದ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 21 ಜನ ಸತ್ತರು. ಮರುದಿನ ಬೆಳಗಿನ ಹಾರಾಟಕ್ಕೆ ಅದೇ ಊರಿನಲ್ಲಿರಬೇಕೆಂಬ ಒತ್ತಾಸೆಯೂ ಮುಖ್ಯ ಪೈಲಟ್‌ನ ನಿರ್ಧಾರದ ಹಿಂದೆ ಕೆಲಸ ಮಾಡಿತ್ತೆಂದು ತನಿಖಾ ವರದಿ ಗುರುತಿಸಿತು. ವೇಳಾಪಟ್ಟಿಯ ಒತ್ತಡವೇ ಹೀಗಿರುವಾಗ, ಇಳಿಯದಿದ್ದರೆ ದಂಡವೆಂಬ ಇನ್ನೊಂದು ಒತ್ತಡವನ್ನು ಕಾಕ್‌ಪಿಟ್‌ಗೆ ತುಂಬುವುದು ವಿವೇಕವಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿ ಉಕ್ಕಿ ಸೊಲ್ಲಾಪುರ–ವಿಜಯಪುರ ಹೆದ್ದಾರಿಯೇ ಬಂದಾದಂಥ ದಿನಗಳಲ್ಲಿ ವಿಮಾನ ಏಕೆ ಹಾರಲಿಲ್ಲವೆಂದು ಈ ಭಾಗದ ಯಾವ ರೈತನೂ ಕೇಳಲಾರ.

ತಕರಾರು ಇರುವುದು ಉಳಿದ ದಿನಗಳ ಬಗ್ಗೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದಾಗ, ಸಂಸ್ಥೆ ಮೊದಲು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ತಾಂತ್ರಿಕ ತೊಡಕು, ಚಳಿಗಾಲದ ವೇಳಾಪಟ್ಟಿ, ದಟ್ಟಣೆಗಳ ಜೊತೆಗೆ ಪ್ರತಿಕೂಲ ಹವಾಮಾನವೂ ಇತ್ತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಇಳಿಸುವಿಕೆಯನ್ನು ಮಿತಗೊಳಿಸಿದ ಹೊಸ ಕರ್ತವ್ಯಾವಧಿ ನಿಯಮಗಳಿಗೆ ಸಂಸ್ಥೆ ಸಜ್ಜಾಗಿರಲಿಲ್ಲ ಎಂಬುದು ಕೆಲವೇ ದಿನಗಳಲ್ಲಿ ಬಯಲಾಯಿತು. ಭುವನೇಶ್ವರದಿಂದ ಹೊರಡಬೇಕಾಗಿದ್ದ ನವದಂಪತಿ ತಮ್ಮದೇ ಆರತಕ್ಷತೆಗೆ ಹುಬ್ಬಳ್ಳಿ ತಲುಪಲಾಗದೆ, ಅಲಂಕರಿಸಿದ ಆಸನಗಳಲ್ಲಿ ವಧುವಿನ ತಂದೆತಾಯಿ ಕುಳಿತು, ಮದುಮಕ್ಕಳು ಪರದೆಯ ಮೇಲೆ ಕೈಮುಗಿದದ್ದು ಆಗಲೇ. ಇಡೀ ದೇಶವೇ ಗದ್ದಲ ಎಬ್ಬಿಸಿದ್ದರಿಂದ ಅಲ್ಲಿ ನಿಜ ಹೊರಬಿತ್ತು. ವಾರದಲ್ಲಿ ಕೆಲವೇ ದಿನ ಹಾರುವ ಒಂದು ಸಣ್ಣ ವಿಮಾನ ಸೊಲ್ಲಾಪುರದಲ್ಲಿ ರದ್ದಾದರೆ, ಕೌಂಟರಿನವರು ಹೇಳಿದ್ದನ್ನು ನಂಬಿ ಮನೆಗೆ ಮರಳುವುದಲ್ಲದೆ ಬೇರೆ ಉಪಾಯವಿಲ್ಲ.

ಪುರಾವೆ ಒದಗಿಸುವುದು ದೊಡ್ಡ ಕೆಲಸವೂ ಅಲ್ಲ. ಮೆಟಾರ್ ಎಂದು ಕರೆಯಲಾಗುವ, ನಿಲ್ದಾಣದ ಹವಾಮಾನವನ್ನು ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ದಾಖಲಿಸುವ ವರದಿಯಲ್ಲಿ ಗಾಳಿಯ ದಿಕ್ಕು ಮತ್ತು ವೇಗ, ಎಷ್ಟು ಮೀಟರ್ ದೂರದವರೆಗೆ ಕಣ್ಣು ಹಾಯುತ್ತದೆ, ಮೋಡ ನೆಲದಿಂದ ಎಷ್ಟು ಅಡಿ ಮೇಲಿದೆ ಎಂಬುದೆಲ್ಲ ಒಂದೇ ಸಾಲಿನಲ್ಲಿ ಅಡಕವಾಗಿರುತ್ತದೆ. ಪೈಲಟ್ ಕಣ್ಣಳತೆಯಿಂದಲೇ ಇಳಿಸಬೇಕಾದ ಕಡೆ ಸಾಮಾನ್ಯವಾಗಿ 5 ಕಿ.ಮೀ. ಗೋಚರತೆ ಬೇಕು, ರನ್‌ವೇಯ ನೇರಕ್ಕೆ ರೇಡಿಯೋ ಸಂಕೇತದಿಂದ ದಾರಿ ತೋರುವ ಐಎಲ್‌ಎಸ್ ಉಪಕರಣವಿದ್ದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಅಂದಮೇಲೆ ಬೆಂಗಳೂರಿನಲ್ಲಿ ವಿಮಾನವನ್ನು ತಡೆಯದ ಮೋಡವೇ ಸಣ್ಣ ನಿಲ್ದಾಣದಲ್ಲಿ ತಡೆಯುವುದುಂಟು, ಮತ್ತು ಅಂಥ ರದ್ದತಿಯಲ್ಲಿ ಅರ್ಧ ಪಾಲು ಮಳೆಯದಾದರೆ ಇನ್ನರ್ಧ ಉಪಕರಣ ಹಾಕಿಸದವರದು. ಉಡಾನ್ ಯೋಜನೆಯಲ್ಲಿ ‘ಕಾರ್ಯಸಾಧ್ಯತಾ ಅಂತರ ನಿಧಿ’ಯೆಂದು, ಎಂದರೆ ಟಿಕೆಟ್ ದರದಿಂದ ಗಿಟ್ಟದ ಖರ್ಚನ್ನು ಸರ್ಕಾರ ತುಂಬಿಕೊಡುವ ಹಣವೆಂದು, ಸಾರ್ವಜನಿಕ ಬೊಕ್ಕಸದಿಂದ ನೆರವು ಪಡೆಯುವ ಸಂಸ್ಥೆಗಳು ಆ ಒಂದು ಸಾಲಿನ ವರದಿಯನ್ನು ಸಾರ್ವಜನಿಕರಿಗೆ ತೋರಿಸಲು ಹಿಂಜರಿಯುವುದೇಕೆ?

ನ್ಯಾಯಾಲಯ ಈ ವಿಷಯದಲ್ಲಿ ಮೌನವಾಗಿಲ್ಲ. 2007ರ ಡಿಸೆಂಬರ್‌ನಲ್ಲಿ ದೆಹಲಿಯ ದಟ್ಟ ಮಂಜಿನಿಂದಾಗಿ ಹೈದರಾಬಾದಿನ ವಿಮಾನ ಗಂಟೆಗಟ್ಟಲೆ ತಡವಾದ ಪ್ರಕರಣದಲ್ಲಿ 2011ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, ಮಂಜಿಗಾಗಿ ಪರಿಹಾರ ಕೊಡಬೇಕಾಗಿಲ್ಲವೆಂದಿತಾದರೂ, ನೀರು, ಊಟ, ಶೌಚಾಲಯದಂಥ ಕನಿಷ್ಠ ಸೌಕರ್ಯಗಳ ಹೊಣೆಯಿಂದ ಕಡಿಮೆ ದರದ ಸಂಸ್ಥೆಯೂ ನುಣುಚಿಕೊಳ್ಳುವಂತಿಲ್ಲವೆಂದು ಹೇಳಿತು. ಯೂರೋಪಿನಲ್ಲಿ ಅಸಾಧಾರಣ ಸನ್ನಿವೇಶವನ್ನು ಸಾಬೀತುಪಡಿಸುವ ಭಾರ ಸಂಸ್ಥೆಯ ಮೇಲೆಯೇ ಇದ್ದು, 2010ರ ಐಸ್‌ಲ್ಯಾಂಡ್ ಜ್ವಾಲಾಮುಖಿಯ ಬೂದಿಯಿಂದ ಹಾರಾಟ ನಿಂತಾಗಲೂ ಊಟ, ವಸತಿ ಕೊಡಬೇಕಿತ್ತೆಂದು ಅಲ್ಲಿನ ನ್ಯಾಯಾಲಯ 2013ರಲ್ಲಿ ತೀರ್ಮಾನಿಸಿತು. ಅಷ್ಟು ದೂರ ಹೋಗುವುದೂ ಬೇಡ. ನಾಗಣಸೂರ ಸ್ಟೇಷನ್ನಿನ ಮುಂದೆ ಹಾದುಹೋಗುವ ರೈಲಿನ ಟಿಕೆಟ್ ಕೊಂಡವರಿಗೆ, ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಅವರು ಪ್ರಯಾಣ ಕೈಬಿಟ್ಟರೆ, ಪೂರ್ತಿ ಹಣ ಮರಳುತ್ತದೆ. ತಡ ಮಂಜಿನಿಂದಲೋ ಹಳಿ ರಿಪೇರಿಯಿಂದಲೋ ಎಂದು ರೈಲ್ವೆ ವಿಂಗಡಿಸಲು ಹೋಗುವುದಿಲ್ಲ.

ಮುಂದಿನ ವಿಮಾನಕ್ಕೆ ಎರಡು ಮೂರು ದಿನ ಕಾಯಬೇಕಾದ ಊರಿನಲ್ಲಿ ಬದಲಿ ವಿಮಾನದ ಆಯ್ಕೆ ಹೆಸರಿಗಷ್ಟೇ ಆದ್ದರಿಂದ, ಅಂಥ ಮಾರ್ಗಗಳಲ್ಲಿ ಅದೇ ದಿನದ ರೈಲು ಅಥವಾ ಬಸ್ಸಿನ ವ್ಯವಸ್ಥೆಯನ್ನು ಸಂಸ್ಥೆಯೇ ಮಾಡಿಕೊಡಬೇಕೆಂಬ ಷರತ್ತು ಉಡಾನ್ ನೆರವಿನ ಒಪ್ಪಂದದಲ್ಲೇ ಇರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಯಾಣಿಕರಿಗೆ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಅವಕಾಶ ಕೊಟ್ಟಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ; ಆದರೆ ಸೊಲ್ಲಾಪುರದ ಜಿಲ್ಲಾ ಆಯೋಗದ ಮುಂದೆ ನಿಂತವರ ಕೈಯಲ್ಲಿ ‘ಹವಾಮಾನ ಕಾರಣ’ ಎಂಬ ಎರಡು ಪದಗಳ ಮೊಬೈಲ್ ಸಂದೇಶವಲ್ಲದೆ ಬೇರೇನೂ ಇರುವುದಿಲ್ಲ. ರದ್ದತಿಯ ಹೊತ್ತಿನ ಮೆಟಾರ್ ವರದಿ, ಆ ನಿಲ್ದಾಣದ ಕನಿಷ್ಠ ಗೋಚರತೆಯ ಮಿತಿ, ರದ್ದುಪಡಿಸುವ ನಿರ್ಧಾರ ತೆಗೆದುಕೊಂಡ ಗಂಟೆ, ಇವಿಷ್ಟನ್ನು ಬರೆದು ಸಹಿ ಮಾಡಿದ ಪತ್ರವನ್ನು ಕೇಳಿದ ಕೂಡಲೇ ಮರಾಠಿಯಲ್ಲೂ ಕನ್ನಡದಲ್ಲೂ ಕೌಂಟರಿನಲ್ಲೇ ಕೊಡಬೇಕೆಂದು, ಕೊಡದಿದ್ದರೆ ಹವಾಮಾನದ ವಿನಾಯಿತಿ ಸಲ್ಲದೆಂದು ಡಿಜಿಸಿಎ ತನ್ನ ನಿಯಮಕ್ಕೆ ಒಂದು ಸಾಲು ಸೇರಿಸಬೇಕು.