ನಗರದ ನಕ್ಷೆ ಬರೆದ ಪರಿಹಾರದ ಲೆಕ್ಕ

2006ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ‘ಟೈಮ್ಸ್–ಪಿಕಾಯೂನ್’ ಪತ್ರಿಕೆಯಲ್ಲಿ ಒಂದು ನಕ್ಷೆ ಅಚ್ಚಾಯಿತು. ಕತ್ರಿನಾ ಚಂಡಮಾರುತ ಬಡಿದು ಆಗಿನ್ನೂ ಐದು ತಿಂಗಳು ತುಂಬಿರಲಿಲ್ಲ. ಮೇಯರ್ ರೇ ನೇಗಿನ್ ನೇಮಿಸಿದ್ದ ಪುನರ್‌ನಿರ್ಮಾಣ ಆಯೋಗದ ಸಲಹೆಯಂತೆ, ನಗರದ ತಗ್ಗಿನ ಕೆಲವು ಬಡಾವಣೆಗಳ ಮೇಲೆ ಹಸಿರು ಬೊಟ್ಟುಗಳನ್ನು ಇಡಲಾಗಿತ್ತು. ಮುಂದೆ ಅಲ್ಲಿ ಮನೆಗಳ ಬದಲು ಉದ್ಯಾನ, ಬಯಲು ಬರಬಹುದು ಎಂಬುದು ಅದರ ಸೂಚನೆ. ಹ್ಯೂಸ್ಟನ್, ಅಟ್ಲಾಂಟಾಗಳ ಬಾಡಿಗೆ ಕೋಣೆಗಳಲ್ಲಿ, ನೆಂಟರ ಮನೆಗಳಲ್ಲಿ ದಿನ ದೂಡುತ್ತಿದ್ದವರು ತಮ್ಮ ಕೇರಿಯ ಮೇಲೆ ಬಿದ್ದ ಬೊಟ್ಟು ನೋಡಿ ಸಿಡಿದೆದ್ದರು. ಚುನಾವಣೆ ಹತ್ತಿರವಿತ್ತು. ಮೇಯರ್ ಹಿಂದೆ ಸರಿದರು. ಯಾರು ಎಲ್ಲಿ ಬೇಕಾದರೂ ಮತ್ತೆ ಮನೆ ಕಟ್ಟಿಕೊಳ್ಳಬಹುದು ಎಂದಾಯಿತು.

ಪ್ರಜಾಪ್ರಭುತ್ವ ಗೆದ್ದಿತು ಎಂದು ಅನೇಕರು ಆಗ ಸಂಭ್ರಮಿಸಿದರು. ಎರಡು ದಶಕ ಕಳೆದ ಮೇಲೆ ನೋಡಿದರೆ, ಯಾವ ಕೇರಿ ಉಳಿಯಬೇಕು, ಯಾವುದು ಪಾಳು ಬೀಳಬೇಕು ಎಂಬ ತೀರ್ಮಾನವನ್ನು ನಗರ ಕೈಬಿಟ್ಟಿತೇ ಹೊರತು ತೀರ್ಮಾನವೇನೂ ಆಗದೆ ಉಳಿಯಲಿಲ್ಲ. ಅದನ್ನು ಮಾಡಿದ್ದು ಪರಿಹಾರ ಹಂಚುವ ಕಚೇರಿಯ ಒಂದು ಲೆಕ್ಕ.

ಮೊದಲು ಅನಾಹುತದ ಸ್ವರೂಪ ನೆನಪಿಸಿಕೊಳ್ಳಬೇಕು. 2005ರ ಆಗಸ್ಟ್ 29ರಂದು ಕತ್ರಿನಾ ಲೂಯಿಸಿಯಾನ ತೀರ ತಲುಪುವ ಹೊತ್ತಿಗೆ ಅದರ ಬಲ ಐದನೇ ದರ್ಜೆಯಿಂದ ಮೂರಕ್ಕೆ ಇಳಿದಿತ್ತು. ನಗರವನ್ನು ಮುಳುಗಿಸಿದ್ದು ಗಾಳಿಯಲ್ಲ. ಐವತ್ತಕ್ಕೂ ಹೆಚ್ಚು ಕಡೆ ಒಡೆದುಹೋದ ತಡೆಗೋಡೆಗಳು. 17ನೇ ಬೀದಿ ಕಾಲುವೆ, ಲಂಡನ್ ಅವೆನ್ಯೂ ಕಾಲುವೆಗಳ ಗೋಡೆಗಳು ನೀರು ಅವುಗಳ ತುದಿ ಮುಟ್ಟುವ ಮೊದಲೇ ಕುಸಿದವು. ತಳದ ಮೆತ್ತನೆ ಮಣ್ಣನ್ನು ವಿನ್ಯಾಸಕಾರರು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗೋಡೆ ಕಟ್ಟಿದ ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗವೇ 2006ರಲ್ಲಿ ವಿನ್ಯಾಸದ ಲೋಪ ಒಪ್ಪಿಕೊಂಡಿತು. ನಗರದ ಶೇ 80ರಷ್ಟು ಭಾಗ ನೀರಿನಡಿ ಹೋಯಿತು. ಮಾರುತದಿಂದಾದ ಒಟ್ಟು ನಷ್ಟದ ಅಂದಾಜು 12,500 ಕೋಟಿ ಡಾಲರ್. ಎಂದರೆ ಇದು ಬಹುಪಾಲು ಸರ್ಕಾರದ ಕೈಯಿಂದಾದ ಪ್ರಮಾದ. ಕೊಡುವ ಹಣ ಆದ ನಷ್ಟದ ಭರ್ತಿ, ಭಿಕ್ಷೆಯಲ್ಲ ಎಂಬ ಅರಿವು ಅದನ್ನು ಹಂಚಿದವರಿಗೆ ಇರಬೇಕಿತ್ತು.

‘ರೋಡ್ ಹೋಮ್’ ಎಂಬ ಯೋಜನೆ ಬಂತು. ಕೇಂದ್ರದ ಹಣ, ಲೂಯಿಸಿಯಾನ ರಾಜ್ಯದ ಆಡಳಿತ. ಸುಮಾರು 1.3 ಲಕ್ಷ ಮನೆ ಮಾಲೀಕರಿಗೆ ಸುಮಾರು 900 ಕೋಟಿ ಡಾಲರ್ ಹಂಚಿದ ಈ ಯೋಜನೆ ಅಮೆರಿಕದ ಇತಿಹಾಸದಲ್ಲೇ ದೊಡ್ಡ ವಸತಿ ಪರಿಹಾರಗಳಲ್ಲೊಂದು. ನಿಯಮ ಮೇಲ್ನೋಟಕ್ಕೆ ಸರಳ: ಮಾರುತಕ್ಕೆ ಮುಂಚಿನ ಮಾರುಕಟ್ಟೆ ಬೆಲೆ ಅಥವಾ ದುರಸ್ತಿಯ ವೆಚ್ಚ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಗರಿಷ್ಠ ಮಿತಿ ಒಂದೂವರೆ ಲಕ್ಷ ಡಾಲರ್. ವಿಮೆಯಿಂದ ಬಂದಿದ್ದನ್ನು ಅದರಲ್ಲಿ ಕಳೆಯುತ್ತಿದ್ದರು.

ಉದಾಹರಣೆಗೆ ಒಂದೇ ಅಳತೆಯ, ಒಂದೇ ರೀತಿ ಹಾಳಾದ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಎರಡಕ್ಕೂ ದುರಸ್ತಿಗೆ 1.2 ಲಕ್ಷ ಡಾಲರ್ ಬೇಕು. ಒಂದು ಬಿಳಿಯರ ಬಡಾವಣೆಯಲ್ಲಿದೆ. ಬೆಲೆ ಎರಡು ಲಕ್ಷ. ಇನ್ನೊಂದು ಕಪ್ಪು ಜನರ ಕೇರಿಯಲ್ಲಿದೆ. ಬೆಲೆ ಅರುವತ್ತು ಸಾವಿರ. ಮೊದಲನೆಯವರಿಗೆ ದುರಸ್ತಿಯ ಪೂರ್ಣ ಹಣ ಸಿಗುತ್ತದೆ. ಎರಡನೆಯವರಿಗೆ ಅದರ ಅರ್ಧ ಮಾತ್ರ. ಸಿಮೆಂಟು, ಮರ, ಬಡಗಿಯ ಕೂಲಿ ಎರಡೂ ಕಡೆ ಅಷ್ಟೇ. ಕಪ್ಪು ಜನರಿರುವ ಕೇರಿಯಲ್ಲಿ ಮನೆಗೆ ಬೆಲೆ ಕಡಿಮೆಯಾದದ್ದು ದಶಕಗಳ ತಾರತಮ್ಯದಿಂದ. ಅದೇ ಕಡಿಮೆ ಬೆಲೆಯನ್ನು ಪರಿಹಾರದ ಅಳತೆಗೋಲು ಮಾಡಿದ್ದು ಈ ಯೋಜನೆ. ಇದನ್ನು ಪ್ರಶ್ನಿಸಿ 2008ರಲ್ಲಿ ಮೊಕದ್ದಮೆ ಹೂಡಲಾಯಿತು. 2011ರಲ್ಲಿ 6.2 ಕೋಟಿ ಡಾಲರ್‌ಗೆ ರಾಜಿಯಾಯಿತು. ಅಷ್ಟರಲ್ಲಿ ಆರು ವರ್ಷ ಕಳೆದಿತ್ತು. ಬೇರೆ ಊರಿನಲ್ಲಿ ಕೆಲಸ ಹಿಡಿದು, ಮಕ್ಕಳನ್ನು ಶಾಲೆಗೆ ಸೇರಿಸಿದ ಕುಟುಂಬ ಆರು ವರ್ಷದ ಮೇಲೆ ಬಂದ ಚೆಕ್ ಹಿಡಿದು ಗಂಟುಮೂಟೆ ಕಟ್ಟುವುದು ಅಪರೂಪ.

ನಗರದ ಕಪ್ಪು ಜನರ ಕೇರಿಯಾದ ಲೋಯರ್ ನೈಂತ್ ವಾರ್ಡ್‌ನಲ್ಲಿ ಇನ್ನೊಂದು ತೊಡಕಿತ್ತು. ಅಜ್ಜ ಕಟ್ಟಿದ ಮನೆಯಲ್ಲಿ ಮೊಮ್ಮಕ್ಕಳು ವಾಸ. ದಾಖಲೆ ಮಾತ್ರ ಇನ್ನೂ ಅಜ್ಜನ ಹೆಸರಿನಲ್ಲೇ. ನಮ್ಮಲ್ಲಿ ಪೌತಿ ಖಾತೆ ಮಾಡಿಸದ ಜಮೀನಿನ ಪಾಡು ಬಲ್ಲವರಿಗೆ ಮುಂದಿನದ್ದನ್ನು ವಿವರಿಸಬೇಕಿಲ್ಲ. ಹಕ್ಕುಪತ್ರವಿಲ್ಲದವರ ಅರ್ಜಿ ಮೂಲೆ ಸೇರಿತು.

ಇಲ್ಲಿ ಭೂಗೋಳದ ವಾದ ಎತ್ತುವವರಿದ್ದಾರೆ: ತಗ್ಗಿನ ಜಾಗ ಖಾಲಿಯಾದರೆ ತಪ್ಪೇನು? ವಾದ ಸುಳ್ಳಲ್ಲ. ಆದರೆ ನ್ಯೂ ಆರ್ಲಿಯನ್ಸ್‌ನಲ್ಲಿ ಕೇರಿಗಳು ಖಾಲಿಯಾದದ್ದು ತಗ್ಗಿನ ಜಾಗ ಎಂಬ ಕಾರಣಕ್ಕಲ್ಲ. ಸಮುದ್ರಮಟ್ಟಕ್ಕಿಂತ ಕೆಳಗಿರುವ, 17ನೇ ಬೀದಿ ಕಾಲುವೆಯ ನೀರು ನುಂಗಿದ್ದ ಲೇಕ್‌ವ್ಯೂ ಬಡಾವಣೆ ಚೇತರಿಸಿಕೊಂಡಿತು. ಅಲ್ಲಿ ವಿಮೆ ಇತ್ತು, ಉಳಿತಾಯವಿತ್ತು, ಮನೆಗೆ ಬೆಲೆಯಿತ್ತು. ನದಿಯ ಬದಿಯಲ್ಲಿ ತುಸು ಎತ್ತರದ ನೆಲವೂ ಇರುವ ಲೋಯರ್ ನೈಂತ್ ವಾರ್ಡ್‌ನಲ್ಲಿ ಇಂದಿಗೂ ಹುಲ್ಲು ಬೆಳೆದ ಖಾಲಿ ನಿವೇಶನಗಳು ಸಾಲುಸಾಲು. ಹಸಿರು ಬೊಟ್ಟಿನ ನಕ್ಷೆ ಕನಿಷ್ಠಪಕ್ಷ ನೆಲದ ಮಟ್ಟವನ್ನು ನೋಡಿತ್ತು. ಪರಿಹಾರದ ಲೆಕ್ಕ ನೋಡಿದ್ದು ಆಸ್ತಿಯ ಬೆಲೆಯನ್ನು.

ಮಾಲೀಕರ ಪಾಡು ಇದಾದರೆ ಬಾಡಿಗೆದಾರರು ಲೆಕ್ಕಕ್ಕೇ ಇರಲಿಲ್ಲ. ನಗರದ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲಿದ್ದವು. ಹೋಟೆಲಿನ ಪಾತ್ರೆ ತೊಳೆಯುವವರು, ಬಸ್ ಚಾಲಕರು, ಊರಿಗೆ ಹೆಸರು ತಂದ ಜಾಝ್ ವಾದಕರು ಇವರಲ್ಲೇ ಇದ್ದರು. ಅವರಿಗಾಗಿ ಇದ್ದ ಯೋಜನೆ ಚಿಕ್ಕದು, ಅದೂ ತೆವಳಿತು. ಇದು ಸಾಲದೆಂಬಂತೆ 2007ರ ಡಿಸೆಂಬರ್‌ನಲ್ಲಿ ನಗರಸಭೆ ನಾಲ್ಕು ದೊಡ್ಡ ಸರ್ಕಾರಿ ವಸತಿ ಸಮುಚ್ಚಯಗಳನ್ನು ಕೆಡವಲು ಒಮ್ಮತದಿಂದ ಒಪ್ಪಿತು. ಅವುಗಳಲ್ಲಿದ್ದದ್ದು ಸುಮಾರು 4,500 ಮನೆಗಳು. ದುರಸ್ತಿ ಮಾಡಿದರೆ ಸಾಕು, ಕಟ್ಟಡಗಳು ಗಟ್ಟಿಯಾಗಿವೆ ಎಂದವರ ಮಾತು ಯಾರಿಗೂ ಬೇಕಿರಲಿಲ್ಲ. ಬಡವರ ಆಸರೆಯಾಗಿದ್ದ ಚಾರಿಟಿ ಆಸ್ಪತ್ರೆ ಮತ್ತೆ ಬಾಗಿಲು ತೆರೆಯಲೇ ಇಲ್ಲ. ಸರ್ಕಾರಿ ಶಾಲೆಗಳ ಏಳು ಸಾವಿರಕ್ಕೂ ಹೆಚ್ಚು ನೌಕರರು ಕೆಲಸ ಕಳೆದುಕೊಂಡರು. ಕಪ್ಪು ಮಧ್ಯಮವರ್ಗದ ಬೆನ್ನೆಲುಬು ಅವರಲ್ಲಿದ್ದ ಶಿಕ್ಷಕರೇ ಆಗಿದ್ದರು. 2000ದ ಜನಗಣತಿಯಲ್ಲಿ 4.84 ಲಕ್ಷವಿದ್ದ ಜನಸಂಖ್ಯೆ 2010ರಲ್ಲಿ 3.43 ಲಕ್ಷಕ್ಕೆ ಇಳಿಯಿತು. ಕಪ್ಪು ಜನರ ಸಂಖ್ಯೆಯೊಂದೇ ಒಂದು ಲಕ್ಷಕ್ಕೂ ಮೀರಿ ಕುಸಿದಿತ್ತು.

ಬೇಗ ಮೇಲೆದ್ದ ಕೇರಿಗಳೂ ಇದ್ದವು. ನಗರದ ಪೂರ್ವ ತುದಿಯ ವಿಯೆಟ್ನಾಂ ಮೂಲದವರ ಬಡಾವಣೆಯಲ್ಲಿ, ‘ಮೇರಿ ಕ್ವೀನ್ ಆಫ್ ವಿಯೆಟ್ನಾಂ’ ಚರ್ಚ್ ಸುತ್ತ ಜನ ಕೆಲವೇ ವಾರಗಳಲ್ಲಿ ಒಟ್ಟುಗೂಡಿದರು. ಗ್ರಾಹಕರಿಲ್ಲದ ಕಡೆ ತಂತಿ ಎಳೆಯಲು ವಿದ್ಯುತ್ ಕಂಪನಿ ಹಿಂಜರಿದಾಗ, ಪಾದ್ರಿ ವಿಯೆನ್ ಹಿಂದಿರುಗಿದವರ ಹೆಸರಿನ ಪಟ್ಟಿಯನ್ನೇ ಮುಂದಿಟ್ಟರು. ಬೊಟ್ಟು ಬಿದ್ದಿದ್ದ ಬ್ರಾಡ್‌ಮೂರ್‌ನಲ್ಲಿ ನಿವಾಸಿಗಳ ಸಂಘ ಮನೆಮನೆಯ ಲೆಕ್ಕ ತೆಗೆದು, ಶಾಲೆ, ಗ್ರಂಥಾಲಯ ಮೊದಲು ಎಂದು ತಾನೇ ಯೋಜನೆ ಬರೆಯಿತು. ಇವು ಕಲಿಯಬೇಕಾದ ಪಾಠಗಳು ನಿಜ. ಆದರೆ ಇಂಥ ಕಥೆಗಳನ್ನು ಹೇಳಿ ಹೇಳಿ, ಎದ್ದು ನಿಲ್ಲದ ಕೇರಿಯವರಿಗೆ ಛಲವಿರಲಿಲ್ಲ ಎಂಬಂತೆ ಬಿಂಬಿಸುವುದು ಅನ್ಯಾಯ. ಮೊದಲಿನಿಂದ ಗಟ್ಟಿ ಸಂಘಟನೆ ಇದ್ದ ಕಡೆ ಅದು ಕೆಲಸ ಮಾಡಿತು, ಅಷ್ಟೇ.

ತಡೆಗೋಡೆಯ ಮಟ್ಟಿಗೆ ಸರ್ಕಾರ ಕೈ ಬಿಗಿ ಹಿಡಿಯಲಿಲ್ಲ. ಸುಮಾರು 1,450 ಕೋಟಿ ಡಾಲರ್ ವೆಚ್ಚದಲ್ಲಿ ಹೊಸ ಗೋಡೆ, ಬಾಗಿಲು, ಪಂಪುಗಳು ಬಂದವು. 2021ರಲ್ಲಿ, ಸರಿಯಾಗಿ ಕತ್ರಿನಾ ಬಂದ ತಾರೀಖಿನಂದೇ, ಐಡಾ ಚಂಡಮಾರುತ ನಾಲ್ಕನೇ ದರ್ಜೆಯ ಬಲದಿಂದ ಅಪ್ಪಳಿಸಿದಾಗ ಗೋಡೆ ತಡೆಯಿತು. ಆದರೆ ನಗರಕ್ಕೆ ವಿದ್ಯುತ್ ತರುವ ಎಂಟೂ ಪ್ರಸರಣ ಮಾರ್ಗಗಳು ಕೈಕೊಟ್ಟವು. ದಿನಗಟ್ಟಲೆ ಕರೆಂಟಿಲ್ಲದ ಸೆಕೆಯಲ್ಲಿ ವೃದ್ಧರು ಸತ್ತರು. ನಂತರ ಲೂಯಿಸಿಯಾನದಲ್ಲಿ ವಿಮಾ ಕಂಪನಿಗಳು ಒಂದರ ಮೇಲೊಂದು ದಿವಾಳಿಯೆದ್ದು, ಕಂತು ಗಗನಕ್ಕೇರಿತು. ಗೋಡೆಯ ಹೊರಗೆ ಅಲೆಯ ಹೊಡೆತ ತಗ್ಗಿಸುವ ಜೌಗು ನೆಲ ವರ್ಷವರ್ಷ ಕರಗುತ್ತಿದೆ. ಮಿಸಿಸಿಪ್ಪಿಯ ಮೆಕ್ಕಲು ಮಣ್ಣನ್ನು ಅಲ್ಲಿಗೆ ಹರಿಸುವ, ಸುಮಾರು 300 ಕೋಟಿ ಡಾಲರ್‌ನ ಮಿಡ್-ಬರಟಾರಿಯಾ ಯೋಜನೆಯನ್ನು ಕೆಲಸ ಶುರುವಾದ ಮೇಲೂ 2025ರಲ್ಲಿ ರಾಜ್ಯವೇ ಕೈಬಿಟ್ಟಿತು.

ಗೋಡೆಯೊಂದೇ ಊರನ್ನು ಉಳಿಸುವುದಿಲ್ಲ ಎಂಬುದಕ್ಕೆ ಹಳೆಯ ಸಾಕ್ಷಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್. 1900ರ ಮಾರುತದಲ್ಲಿ ಸಾವಿರಾರು ಜನ ಸತ್ತ ಆ ದ್ವೀಪನಗರ 17 ಅಡಿ ಎತ್ತರದ ಕಡಲಗೋಡೆ ಕಟ್ಟಿತು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕಿಯಿಂದ ಎತ್ತಿ ಅಡಿಗೆ ಮರಳು ತುಂಬಿತು. ಎಂಜಿನಿಯರುಗಳು ಇಂದಿಗೂ ಬೆರಗಾಗುವ ಕೆಲಸ. 1915ರ ಮಾರುತದಲ್ಲಿ ಗೋಡೆ ಗೆದ್ದಿತು. ಆದರೆ ಅದಕ್ಕೂ ಮುಂಚೆ, 1914ರಲ್ಲಿ ಹ್ಯೂಸ್ಟನ್ ಹಡಗು ಕಾಲುವೆ ತೆರೆದಿತ್ತು. ವ್ಯಾಪಾರ ಒಳನಾಡಿಗೆ ಹೋಯಿತು. ಗ್ಯಾಲ್ವೆಸ್ಟನ್ ಮತ್ತೆ ಆ ಎತ್ತರಕ್ಕೆ ಏರಲಿಲ್ಲ.

ನಾಳೆ ಇನ್ನೊಂದು ಕಡಲತಡಿಯ ನಗರ ಮುಳುಗಿದರೆ ಮೊದಲು ಆಗಬೇಕಾದ್ದು ಪರಿಹಾರದ ಲೆಕ್ಕದ ತಿದ್ದುಪಡಿ. ಪರಿಹಾರ ಮರಳಿ ಕಟ್ಟುವ ವೆಚ್ಚಕ್ಕೆ ಅನುಗುಣವಾಗಿರಬೇಕು. ಬಾಡಿಗೆದಾರರಿಗೆ ಮೊದಲ ವರ್ಷವೇ ಸೂರು ಸಿಗಬೇಕು. ಕಟ್ಟಲೇಬಾರದ ನೆಲವಿದ್ದರೆ ಸರ್ಕಾರ ಅದನ್ನು ಧೈರ್ಯವಾಗಿ ಹೇಳಿ, ಅದೇ ಊರಿನ ಎತ್ತರದ ಜಾಗದಲ್ಲಿ ಮನೆ ಕೊಡಬೇಕು. ನೇಗಿನ್ ಆಯೋಗದ ತಪ್ಪು ಬೊಟ್ಟು ಇಟ್ಟದ್ದಲ್ಲ, ಬದಲಿ ಜಾಗ ತೋರಿಸದೆ ಇಟ್ಟದ್ದು.

‘ರೋಡ್ ಹೋಮ್’ ಮನೆಯನ್ನು ಎತ್ತರಿಸಿಕೊಳ್ಳಲೆಂದು 30,000 ಡಾಲರ್‌ವರೆಗೆ ಪ್ರತ್ಯೇಕ ನೆರವನ್ನೂ ಕೊಟ್ಟಿತ್ತು. ದುರಸ್ತಿಗೇ ಹಣ ಸಾಲದೆ ಅದನ್ನೂ ದುರಸ್ತಿಗೆ ಬಳಸಿದ ಮೂರು ಸಾವಿರಕ್ಕೂ ಹೆಚ್ಚು ಮಾಲೀಕರನ್ನು, ಆ ಹಣ ವಾಪಸ್ ಕೊಡಿ ಎಂದು ರಾಜ್ಯ ಸರ್ಕಾರ ಕೋರ್ಟಿಗೆಳೆಯಿತು. ಆ ಮೊಕದ್ದಮೆಗಳನ್ನು ಕೈಬಿಡುವ ತೀರ್ಮಾನವಾದದ್ದು 2023ರಲ್ಲಿ.